ಹಸಿ ಸೊಪ್ಪು ಮೂರೇ ವಾರಕ್ಕೆ ನಾರಿತು, ಉದುರಿದ ಎಲೆ ಮೂರು ತಿಂಗಳಾದರೂ ಹಾಗೇ ಕೂತಿದೆ. ಯಾಕೆ?

ಶಿರಸಿಯಾಕೆ (ಕೋಥ್ರೂಡ್, ಪುಣೆ), ಏಪ್ರಿಲ್ 14

ನಮ್ಮ ಸೊಸೈಟಿ ಗುಡ್ಡದ ಬುಡಕ್ಕೆ ಇದೆ. 42 ಮನೆ, 19 ಮರ. ಮರ ಎಣಿಸಿದ್ದು ನಾನೇ. ಕಳೆದ ವರ್ಷದ ಮೀಟಿಂಗಿನಲ್ಲಿ "ಈ ಒಣ ಎಲೆಗೆ ಏನಾದರೂ ಒಂದು ದಾರಿ ಮಾಡಬೇಕು" ಎಂದು ಬಾಯಿ ಬಿಟ್ಟೆ. ಬಾಯಿ ಬಿಟ್ಟವರ ಕೊರಳಿಗೇ ಕೆಲಸ ಕಟ್ಟುವುದು ಎಲ್ಲ ಸೊಸೈಟಿಗಳ ಪದ್ಧತಿ, ಕಟ್ಟಿದರು.

ಸಂಕ್ರಾಂತಿಯ ಹಿಂದಿನ ಭಾನುವಾರ 200 ಲೀಟರಿನ ಮೂರು ನೀಲಿ ಡ್ರಮ್ ತರಿಸಿ, ಸುತ್ತ ತೂತು ಹೊಡೆಸಿ, ಒಂದೇ ದಿನ ಮೂರನ್ನೂ ತುಂಬಿಸಿದೆ.

ಮೊದಲನೆಯದಕ್ಕೆ ಗ್ಲಿರಿಸಿಡಿಯಾ, ಊರಲ್ಲಿ ಗೊಬ್ಬರಗಿಡ ಅನ್ನುತ್ತೇವಲ್ಲ, ಅದು. ಇಲ್ಲಿಯ ವೇತಾಳ ಟೇಕ್ಡಿ ಎಂಬ ಗುಡ್ಡದ ತುಂಬ ಇದೇ. ಕಾಂಪೌಂಡಿನ ಮೇಲೆ ಬಾಗಿದ್ದ ಕೊಂಬೆಗಳನ್ನು ಮಾಳಿ ಕಡಿದಿದ್ದ, ಹಸಿರೆಲೆಯನ್ನೆಲ್ಲ ಸವರಿ ಹಾಕಿದೆವು. ಎರಡನೆಯದಕ್ಕೆ ಪಾರ್ಕಿಂಗಿನ ಕಾಡುಬಾದಾಮಿಯ ಉದುರೆಲೆ, ಕೆಂಪು ಕೆಂಪಾದದ್ದು, ಜೊತೆಗೆ ಒಂದಿಷ್ಟು ಮಾವಿನ ತರಗೆಲೆ. ಮೂರನೆಯದು ಕಸದ ಡ್ರಮ್ಮು ಅಂತಲೇ ಇಟ್ಟಿದ್ದು. ಮಾಳಿ ಗುಡಿಸಿದ ಅರಳಿ ಎಲೆ, ಹುಲ್ಲು ಕತ್ತರಿಸಿದ್ದು, ಎರಡು ಮನೆಯ ತರಕಾರಿ ಸಿಪ್ಪೆ, ಉಳಿದ ಗೊಬ್ಬರಗಿಡದ ಸೊಪ್ಪು, ಎಲ್ಲ ಅದಕ್ಕೆ.

ಈಗ ಮೂರು ತಿಂಗಳಾಯಿತು. ಮೊದಲನೆಯ ಡ್ರಮ್ಮು ಮೂರು ವಾರದೊಳಗೆ ಕಾಲು ಭಾಗಕ್ಕೆ ಕುಸಿದು ಲೋಳೆಯಾಯಿತು. ವಾಸನೆ ಹೇಗೆಂದರೆ, ತೊಳೆಯದ ಮೂತ್ರದೊಡ್ಡಿ. ನೆಲಮಾಳಿಗೆಯ ಮನೆಯವರು ಕಿಟಕಿ ಹಾಕಿಕೊಂಡು ನನ್ನ ಜೊತೆ ಮಾತು ಬಿಟ್ಟರು. ಎರಡನೆಯದರಲ್ಲಿ ಏನೂ ಆಗಿಲ್ಲ. ಕೆಂಪು ಹೋಗಿ ಕಂದಾಯಿತು, ಅಷ್ಟೇ. ಇವತ್ತೂ ಕೈ ಹಾಕಿದರೆ ಎಲೆ ಎಲೆಯಾಗಿಯೇ ಸಿಗುತ್ತದೆ, ನರ ಎಣಿಸಬಹುದು. ನೀರು ಚಿಮುಕಿಸಿದಾಗೆಲ್ಲ ಅಡಿಯಿಂದ ಥೇಟ್ ಅಡಿಕೆ ಚೊಗರಿನ ಹಾಗೆ ಕೆಂಪು ನೀರು ಇಳಿಯುತ್ತದೆ. ಯಾರೂ ತಲೆ ಕೆಡಿಸಿಕೊಳ್ಳದ ಮೂರನೆಯ ಡ್ರಮ್ಮಿನಲ್ಲಿ ಮಾತ್ರ ಕಪ್ಪು, ಉದುರುದುರು, ಮೊದಲ ಮಳೆಯ ಘಮದ ಗೊಬ್ಬರ.

ಮರದ ಜಾತಿ ಬೇರೆ, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಆದರೆ ಫೆಬ್ರವರಿಯಲ್ಲಿ ಅದೇ ಗೊಬ್ಬರಗಿಡ ತಾನಾಗಿ ಹಳದಿ ಎಲೆ ಉದುರಿಸಿತು. ಅದನ್ನು ಒಂದು ಚೀಲದಲ್ಲಿ ತುಂಬಿ ನೀರು ಹಾಕಿಟ್ಟೆ. ಅದು ನಾರಲಿಲ್ಲ, ಲೋಳೆಯಾಗಲಿಲ್ಲ, ಕೊಳೆಯಲಿಕ್ಕೂ ಅವಸರ ತೋರಿಸಲಿಲ್ಲ. ಅದೇ ಮರ, ಅದೇ ಕೊಂಬೆ, ಒಂದೇ ತಿಂಗಳ ಅಂತರ.

ಆಗ ನಮ್ಮ ಆಯಿ ನೆನಪಾದಳು. ಅವಳಿಗೆ ಹಸಿ ಸೊಪ್ಪು ಬೇರೆ, ದರಕು, ಅಂದರೆ ಉದುರಿದ ತರಗೆಲೆ, ಬೇರೆ. "ಎರಡೂ ಎಲೆಯೇ ಅಲ್ದನೇ" ಅಂದರೆ ನಗುತ್ತಿದ್ದಳು. ಮಳೆಗಾಲದಲ್ಲಿ ಕೊಟ್ಟಿಗೆಗೆ ಬೆಟ್ಟದ ಹಸಿ ಸೊಪ್ಪು, ಬೇಸಿಗೆಯಲ್ಲಿ ಹೆಡಿಗೆ ತುಂಬ ದರಕು. ದರಕನ್ನು ನೇರ ತೋಟಕ್ಕೆ ಹಾಕಿದರೆ "ದನದ ಕಾಲಡಿ ಬೀಳದ ದರಕು ಗೊಬ್ಬರ ಆಗ್ತಿಲ್ಲೆ" ಎಂದು ಬೈಯುತ್ತಿದ್ದಳು. ಬೈದದ್ದು ನೆನಪಿದೆ, ಕಾರಣ ಕೇಳಿಕೊಂಡಿಲ್ಲ.

ನಾನು ಓದಿದ್ದು ಬಿ.ಕಾಂ. ಹಸಿರೆಲೆ ಉದುರೆಲೆಯಾಗುವ ಹೊತ್ತಿಗೆ ಅದರೊಳಗೆ ಏನು ಬದಲಾಗುತ್ತದೆ? ಬರೀ ನೀರು ಆರುವುದು ಅಲ್ಲ ಎಂದು ಮಾತ್ರ ಗೊತ್ತಾಗಿದೆ.

ವಾಚ್‌ಮನ್ ಕಾಕಾ ರತ್ನಾಗಿರಿ ಕಡೆಯವರು. ಅವರದು ಒಂದೇ ಪರಿಹಾರ: "ಜಾಳೂನ್ ಟಾಕಾ, ತಾಯಿ." ಸುಟ್ಟರೆ ದಂಡ ಯಾರು ಕಟ್ಟುತ್ತಾರೆ? ಹಸಿರು ನ್ಯಾಯಮಂಡಳಿಯ 2016ರ ಆದೇಶ ಬಂದಮೇಲೆ ಕಸ ಸುಟ್ಟವರಿಗೆ 5,000 ರೂಪಾಯಿ.

---

ಟೆರೇಸ್ ತೋಟ (ಠಾಣೆ)

ತೂತು ಸಾಲದು. ಹುಳಿಮಜ್ಜಿಗೆ, ಬೆಲ್ಲ ಹಾಕಿ ಕಲಸಿ. ನನಗೆ 45 ದಿನದಲ್ಲಿ ಆಗಿತ್ತು.

---

ಶಿರಸಿಯಾಕೆ

ಮಜ್ಜಿಗೆ, ಬೆಲ್ಲ ಎರಡೂ ಎರಡನೆಯ ಡ್ರಮ್ಮಿಗೆ ಆಯಿತು. ಇರುವೆ ಬಂತು.

---

ನಿವೃತ್ತ ಮೇಷ್ಟ್ರು (ಫೋಂಡಾ, ಗೋವಾ)

ತಂಗೀ, ನಿಮ್ಮ ಆಯಿಗೆ ಗೊತ್ತಿದ್ದ ಸಂಗತಿಯನ್ನು ನಾನು ಕುಮಟೆ ಕಡೆ 31 ವರ್ಷ ಕಪ್ಪುಹಲಗೆಯ ಮೇಲೆ ಬರೆದು ಹೊಟ್ಟೆ ಹೊರೆದವನು. ಈಗ ಮಗನ ಮನೆಯಲ್ಲಿದ್ದೇನೆ, ಪಕ್ಕದಲ್ಲೇ ಒಂದು ಕುಳಾಗರ (ಇಲ್ಲಿಯ ಅಡಿಕೆ ತೋಟ), ಬರೆಯಲಿಕ್ಕೆ ಪುರುಸೊತ್ತೂ ಇದೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಉದುರಿದ ಎಲೆಯೆಂದರೆ ಒಣಗಿದ ಹಸಿರೆಲೆ ಅಲ್ಲ. ಸಾಮಾನು ಸಾಗಿಸಿದ ಮನೆ ಅದು. ಮರ ಎಲೆಯನ್ನು ಬಿಡುವ ಮುಂಚೆ ವಾರಗಟ್ಟಲೆ ಕೂತು ಪಾತ್ರೆ-ಪಗಡ, ಅಕ್ಕಿಮೂಟೆ ಎಲ್ಲ ಒಳಗೆ ಎಳೆದುಕೊಳ್ಳುತ್ತದೆ. ಗೋಡೆ, ಜಂತಿ, ಮತ್ತೆ ಹೊರಲಿಕ್ಕಾಗದ ಒಂದಿಷ್ಟು ಸಾಮಾನು ಮಾತ್ರ ಬಿಟ್ಟುಹೋಗುತ್ತದೆ. ನಿಮ್ಮ ಮಾಳಿ ಜನವರಿಯಲ್ಲಿ ಕಡಿದದ್ದು ಸಂಸಾರ ನಡೆಯುತ್ತಿದ್ದ ಮನೆ. ಫೆಬ್ರವರಿಯಲ್ಲಿ ಉದುರಿದ್ದು ಖಾಲಿ ಮನೆ.

ಏನೇನು ಸಾಗುತ್ತದೆ? ಮುಖ್ಯವಾಗಿ ಸಾರಜನಕ ಮತ್ತು ರಂಜಕ. ಎಲೆಯ ಸಾರಜನಕದ ಸುಮಾರು ಮುಕ್ಕಾಲು ಪಾಲು ಇರುವುದು ಹಸಿರು ಕಣಗಳ ಒಳಗೆ, ಬಿಸಿಲಿನಲ್ಲಿ ಅಡುಗೆ ಮಾಡುವ ಪ್ರೋಟೀನುಗಳಲ್ಲಿ. ಅದರಲ್ಲೂ ರುಬಿಸ್ಕೋ ಎಂಬ ಒಂದು ಕಿಣ್ವದಲ್ಲೇ ದೊಡ್ಡ ಪಾಲು ಕೂತಿರುತ್ತದೆ. ಎಲೆಗೆ ವಯಸ್ಸಾದಾಗ ಮರ ಈ ಪ್ರೋಟೀನನ್ನು ಬಿಡಿಬಿಡಿ ಅಮೈನೋ ಆಮ್ಲವಾಗಿ ಒಡೆದು ತೊಟ್ಟಿನ ಮೂಲಕ ಕೊಂಬೆಗೆ, ಹೊಸ ಚಿಗುರಿಗೆ, ಕಾಯಿಗೆ ಕಳಿಸುತ್ತದೆ. ಜಗತ್ತಿನ ಬೇರೆಬೇರೆ ಕಡೆಯ ಮರಗಳಲ್ಲಿ ಅಳೆದು ನೋಡಿದ್ದಾರೆ: ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೀಗೆ ವಾಪಸು ಹೋಗುತ್ತದೆ. ಹಸಿರೆಲೆಯ ಒಣತೂಕದಲ್ಲಿ ನೂರಕ್ಕೆ 2ರಷ್ಟು ಸಾರಜನಕವಿದ್ದರೆ ಉದುರುವ ಹೊತ್ತಿಗೆ ಸುಮಾರು 1.

ಈಗ ಬಣ್ಣದ ವಿಷಯ. ಇದನ್ನು ಹೇಳದೆ ಬಿಟ್ಟರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಪತ್ರಹರಿತ್ತನ್ನು ಹಿಡಿದುಕೊಂಡಿದ್ದ ಪ್ರೋಟೀನನ್ನು ಕಿತ್ತರೆ, ಬಿಡುವಾದ ಪತ್ರಹರಿತ್ತು ಬಿಸಿಲು ಹೀರುತ್ತಲೇ ಇರುತ್ತದೆ, ಆದರೆ ಆ ಶಕ್ತಿಗೆ ಹೋಗಲು ದಾರಿಯಿಲ್ಲ. ಅದು ಆಮ್ಲಜನಕವನ್ನು ಕೆರಳಿಸಿ ಜೀವಕೋಶವನ್ನೇ ಸುಡುತ್ತದೆ. ಸಾಮಾನು ಸಾಗಿಸುವಾಗ ಗ್ಯಾಸ್ ಸಿಲಿಂಡರ್ ಬಾಯಿ ತೆರೆದಿಟ್ಟ ಹಾಗೆ. ಅದಕ್ಕೆ ಮರ ಮೊದಲು ಅದರ ನಡುವೆ ಕೂತ ಮೆಗ್ನೀಷಿಯಂ ತೆಗೆಯುತ್ತದೆ, ಆಮೇಲೆ ಉಂಗುರವನ್ನು ಕತ್ತರಿಸಿ ಬಣ್ಣವಿಲ್ಲದ ತುಂಡು ಮಾಡಿ, ಕೋಶದ ಮೂಲೆಯ ಚೀಲದಲ್ಲಿ ತುಂಬಿಡುತ್ತದೆ. ಪತ್ರಹರಿತ್ತಿನ ನಡುವೆ ಮೆಗ್ನೀಷಿಯಂ ಇದೆ ಎಂದು ತೋರಿಸಿದ ವಿಲ್‌ಸ್ಟೇಟರ್‌ಗೆ 1915ರಲ್ಲೇ ನೊಬೆಲ್ ಬಂತು. ಆದರೆ ಉದುರುವ ಎಲೆಯಲ್ಲಿ ಆ ಹಸಿರು ಎಲ್ಲಿ ಮಾಯವಾಗುತ್ತದೆ ಎನ್ನುವುದಕ್ಕೆ ಕುರುಹು ಸಿಕ್ಕಿದ್ದು 1991ರಲ್ಲಿ, ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಲರ್, ಮಾಟಿಲ್ ಮತ್ತವರ ಜೊತೆಗಾರರಿಗೆ, ಬಾರ್ಲಿಯ ಹಳದಿಯಾದ ಎಲೆಯಲ್ಲಿ. ಬಣ್ಣವೇ ಇಲ್ಲದ್ದನ್ನು ಹುಡುಕುವುದು ಸುಲಭವೇ?

ಮೊದಲ ಹೆಜ್ಜೆಯನ್ನು ನೀವು ಅಡುಗೆಮನೆಯಲ್ಲೇ ನೋಡಿದ್ದೀರಿ. ಹಸಿರು ಬಸಳೆಗೆ ಹುಣಸೆಹುಳಿ ಬಿಟ್ಟು ಮುಚ್ಚಿಟ್ಟರೆ ಬಣ್ಣ ಕೆಟ್ಟು ಕೊಳಕು ಹಸಿರಾಗುವುದಿಲ್ಲವೇ? ಹುಳಿ ಮೆಗ್ನೀಷಿಯಂ ಅನ್ನು ಎಬ್ಬಿಸಿ ತಾನು ಕೂತಿತು ಅಂತ.

ಹಸಿರು ಹೋದಮೇಲೆ ಕಾಣುವ ಹಳದಿ ಹೊಸದಲ್ಲ, ಮೊದಲೇ ಇದ್ದದ್ದು. ನಿಮ್ಮ ಕಾಡುಬಾದಾಮಿಯ ಕೆಂಪು ಮಾತ್ರ ಹೊಸದು. ಮುದಿ ಎಲೆ ಸಾಯುವ ಮುಂಚೆ ಖರ್ಚು ಮಾಡಿ ತಯಾರಿಸಿದ ಆಂಥೋಸಯಾನಿನ್. ಯಾಕೆ ಮಾಡುತ್ತದೆ ಎಂಬುದರಲ್ಲಿ ಜಗಳ ಮುಗಿದಿಲ್ಲ. ಸಾಗಾಣಿಕೆ ಮುಗಿಯುವ ತನಕ ಬಿಸಿಲಿಗೆ ಪರದೆ ಎಂಬ ವಾದ ನನಗೆ ಒಪ್ಪಿತ. ಮಾವಿನ ಎಳೆ ಚಿಗುರು ಕೆಂಪಾಗಿರುವುದೂ ಇದೇ ಜಾತಿಯ ಬಣ್ಣದಿಂದ. ಹುಟ್ಟುವಾಗಲೂ ಒಂದು ಪರದೆ, ಹೋಗುವಾಗಲೂ ಒಂದು.

ಇನ್ನು ಬಿಟ್ಟುಹೋಗುವ ಸಾಮಾನು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಬೇರಿನ ನೀರಿನ ಜೊತೆ ಎಲೆಗೆ ಬಂತೆಂದರೆ ಮರಳಿ ಹೋಗುವುದಿಲ್ಲ. ಆ ದಾರಿಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಎಲೆ ಮುದಿಯಾದಷ್ಟೂ ಸುಣ್ಣ ಕೂಡುತ್ತಾ ಹೋಗುತ್ತದೆ. ನಾರು, ಮೇಣ, ಲಿಗ್ನಿನ್ ಎಂಬ ಕಟ್ಟಿಗೆಯ ಅಂಟು, ಟ್ಯಾನಿನ್ ಎಂಬ ಒಗರು (ನೀವು ಹೇಳಿದ ಚೊಗರು), ಇವೂ ಉಳಿಯುತ್ತವೆ.

ಕೊಳೆಸುವ ಜೀವಿಗಳಿಗೂ ಊಟ ಬೇಕು. ಇಂಗಾಲ ಅವುಗಳಿಗೆ ಅನ್ನ, ಸಾರಜನಕ ಸಾರು. ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಹೊಟ್ಟೆ ತುಂಬ ಉಂಡು ಕೆಲಸ ಮಾಡುತ್ತವೆ. ಗೊಬ್ಬರಗಿಡದ ಹಸಿ ಸೊಪ್ಪಿನಲ್ಲಿ ಈ ಲೆಕ್ಕ 15ರ ಆಸುಪಾಸು. ಅನ್ನಕ್ಕಿಂತ ಸಾರೇ ಹೆಚ್ಚು. ಬೇಡವಾದ ಸಾರಜನಕ ಅಮೋನಿಯಾ ಆಗಿ ಹಾರಿತು, ನೆಲಮಾಳಿಗೆಯವರ ಮೂಗಿಗೆ ಹೋಯಿತು. ಲೋಳೆಯಾಗಿ ಗಾಳಿ ಕಟ್ಟಿದ್ದರಿಂದ ನಾತಕ್ಕೆ ಇನ್ನಷ್ಟು ಬಲ ಬಂತು. ಉದುರೆಲೆಗಳಲ್ಲಿ ಲೆಕ್ಕ ಸಾಮಾನ್ಯವಾಗಿ 40ರಿಂದ 80. ಬರೀ ಅನ್ನ. ಬಾದಾಮಿ ಎಲೆಯಲ್ಲಂತೂ ಇದ್ದ ಚೂರು ಪ್ರೋಟೀನಿಗೂ ಚೊಗರು ಅಂಟಿಕೊಂಡು ಗಟ್ಟಿಯಾಗಿದೆ. ಚರ್ಮ ಹದ ಮಾಡುವುದು ಇದೇ ಕೆಲಸದಿಂದ. ಒಂದು ರೀತಿಯಲ್ಲಿ ನಿಮ್ಮ ಎರಡನೆಯ ಡ್ರಮ್ಮಿನಲ್ಲಿರುವುದು ಎಲೆಯ ಚಪ್ಪಲಿ. ಕೆಂಪು ಕಂದಾದದ್ದೂ ಅದರಿಂದಲೇ: ಕೋಶ ಒಡೆದಾಗ ಒಗರು ಗಾಳಿಗೆ ಸಿಕ್ಕು ಬಣ್ಣ ಕಟ್ಟುತ್ತದೆ. ಚಹದ ಎಲೆಯನ್ನು ಹಿಸುಕಿ ಕಪ್ಪು ಮಾಡುವುದೂ ಹೀಗೇ.

ಕೊಟ್ಟಿಗೆಯ ಗುಟ್ಟು ಈಗ ಗೊತ್ತಾಯಿತಲ್ಲ. ದರಕಿಗೆ ಬೇಕಾಗಿದ್ದ ಸಾರು ದನದ ಗಂಜಲ. ಗಂಜಲದಿಂದ ಹಾರಿಹೋಗುವ ಅಮೋನಿಯಾವನ್ನು ಹಿಡಿದಿಡಲು ಬೇಕಾಗಿದ್ದದ್ದು ದರಕು. ಒಬ್ಬರ ಹಸಿವು ಇನ್ನೊಬ್ಬರ ಹೊಟ್ಟೆನೋವಿಗೆ ಮದ್ದು. ಮೂರನೆಯ ಡ್ರಮ್ಮಿನಲ್ಲಿ ನಿಮಗೆ ಗೊತ್ತಿಲ್ಲದೆಯೇ ಹಾಗಾಗಿದೆ. ಆ ಮಣ್ಣಿನ ಘಮ ಜಿಯೋಸ್ಮಿನ್ ಎಂಬುದರದ್ದು, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳು ಮಾಡುವುದು.

ವಾಚ್‌ಮನ್ನರ ಮಾತನ್ನೂ ತಳ್ಳಿಹಾಕಬೇಡಿ. ಕೊಂಕಣದಲ್ಲಿ ಭತ್ತದ ಸಸಿ ಮಡಿಯ ಮೇಲೆ ಸೊಪ್ಪು-ಸದೆ, ಸಗಣಿ ಹರಡಿ ಸುಡುತ್ತಾರೆ, ರಾಬ್ ಅನ್ನುತ್ತಾರೆ. ಸುಟ್ಟಾಗ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಬೂದಿಯಲ್ಲಿ ಸುಣ್ಣ, ಪೊಟ್ಯಾಶ್ ಉಳಿಯುತ್ತದೆ. ಅವರು ಹೇಳುತ್ತಿರುವುದು ಗದ್ದೆಯ ಮಾತು, ನಿಮ್ಮದು ಪಾರ್ಕಿಂಗ್.

---

ಬೆಟ್ಟಾ ಹುಡುಗ (ಡೊಂಬಿವಲಿ)

ಬೆಟ್ಟಾ ಎಂದರೆ ಗುಡ್ಡ ಅಲ್ಲ, ಮೀನು. ಕುಂದಾಪುರದವ, ಮನೆಯಲ್ಲಿ ಮೀನು ಸಾಕ್ತೇನೆ ಅಂದ್ರೆ ಊರಲ್ಲಿ ಎಲ್ಲರೂ ಸಾರಿಗೆ ಅಂತಲೇ ತಿಳ್ಕೊಳ್ತಾರೆ.

ಅಕ್ಕಾ, ನಿಮ್ಮ ಎರಡನೇ ಡ್ರಮ್ಮಿನ ಎಲೆಯನ್ನು ನಾವು ದುಡ್ಡು ಕೊಟ್ಟು ತಗೊಳ್ತೇವೆ! ಆನ್‌ಲೈನಿನಲ್ಲಿ ಹತ್ತು ಎಲೆಯ ಪ್ಯಾಕೆಟ್ ಮಾಡಿ ಮಾರ್ತಾರೆ. ಬೆಟ್ಟಾ ಮೀನಿನ ಟ್ಯಾಂಕಿಗೆ ಒಂದು ಎಲೆ ಹಾಕಿದ್ರೆ ಎರಡು ದಿನದಲ್ಲಿ ನೀರು ಚಾ ಬಣ್ಣಕ್ಕೆ ತಿರುಗುತ್ತದೆ. ಮೀನಿಗೆ ಆ ನೀರು ಹಿತ.

ಮೇಷ್ಟ್ರು ಹೇಳಿದ್ದು ಓದಿದ ಮೇಲೆ ನನಗೆ ಹಿಂದೆ ಬಿದ್ದ ಪೆಟ್ಟಿನ ಅರ್ಥ ಈಗ ಸಿಕ್ಕಿತು. ಶುರುವಿನಲ್ಲಿ ಅವಸರಕ್ಕೆ ಸ್ಟೇಷನ್ ಹತ್ತಿರದ ಮರದಿಂದ ಹಸಿರೆಲೆಯನ್ನೇ ಕೊಯ್ದು ಹಾಕಿದ್ದೆ. ಮೂರನೇ ದಿನ ನೀರು ಹಾಲಿನ ಹಾಗೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿತ್ತು. ಉಳಿಯಲಿಲ್ಲ. ಹಸಿರೆಲೆಯ ಸಕ್ಕರೆ, ಪ್ರೋಟೀನು ಎಲ್ಲ ನೀರಿಗೆ ಬಂದು ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ತಿಂದು ಹಾಕಿದ್ದು. ಆಮೇಲಿಂದ ತಾನಾಗಿ ಉದುರಿ, ಪೂರ್ತಿ ಕಂದಾಗಿ, ಕೈಯಲ್ಲಿ ಮುರಿದ್ರೆ ಟಪ್ಪನೆ ಮುರಿಯುವಂಥದ್ದು ಮಾತ್ರ.

ಇನ್ನೊಂದು: ನಲ್ಲಿ ನೀರಿಗೆ ಎಲೆ ಹಾಕಿದ್ರೆ ಪಿಎಚ್ ಸ್ವಲ್ಪ ಇಳೀತದೆ, ಅಂದ್ರೆ ನೀರು ಹುಳಿ ಕಡೆಗೆ ತಿರುಗ್ತದೆ. ಟ್ಯಾಂಕರಿನ ಬೋರ್‌ವೆಲ್ ನೀರಿಗೆ ಎಷ್ಟು ಹಾಕಿದ್ರೂ ಬಣ್ಣ ಮಾತ್ರ, ಪಿಎಚ್ ಅಲ್ಲಾಡುವುದಿಲ್ಲ. ಆ ನೀರಿನ ಸುಣ್ಣ ಎಲ್ಲ ಹುಳಿಯನ್ನೂ ನುಂಗ್ತದೆ.

---

ಮುಧೋಳ ನರ್ಸರಿ (ಹಡಪಸರ್, ಪುಣೆ)

ಅಕ್ಕಾರ, ನಾ ಹಡಪಸರದಾಗ ನರ್ಸರಿ ಮಾಡಾಕ ಹತ್ತಿ 18 ವರ್ಷ ಆತ್ರಿ. ಮೇಷ್ಟ್ರು ಹೇಳಿದ್ದು ಖರೇ ಐತಿ, ಆದ್ರ ಗಿರಾಕಿಗೆ ನಾ ಅದನ್ನ ಉಲ್ಟಾ ಹಿಡದ ಹೇಳ್ತೀನಿ.

ದಿನಾ ಯಾರರೆ ಒಬ್ರು ಫೋನಿನ್ಯಾಗ ಫೋಟೋ ತೋರಸ್ತಾರ, "ಎಲಿ ಹಳದಿ ಆಗ್ಯಾವು, ಏನ್ ಹಾಕ್ಲಿ?" ನಾ ಕೇಳೂದು ಒಂದ ಮಾತು: ಹಳೇ ಎಲಿನೋ, ಹೊಸಾ ಎಲಿನೋ? ಕೆಳಗಿನ ಹಳೇ ಎಲಿ ಹಳದಿ ಆಗಿದ್ರ ಸಾರಜನಕ ಇಲ್ಲಾ ಮೆಗ್ನೀಷಿಯಂ ಕಡಿಮಿ ಬಿದ್ದೈತಿ. ಅವು ಓಡ್ಯಾಡೂ ಸಾಮಾನು. ಗಿಡ ಮುದುಕ ಎಲಿ ಬಾಯಾಗಿಂದ ಕಸಗೊಂಡು ಕೂಸಿಗೆ ಉಣಸ್ತೈತಿ. ತುದಿ ಹೊಸಾ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳದ್ರ ಕಬ್ಬಿಣ ಇಲ್ಲ. ಕಬ್ಬಿಣ ಹಳೇ ಎಲಿಯಿಂದ ಸಲೀಸಾಗಿ ಹೊಳ್ಳಿ ಬರಂಗಿಲ್ಲ. ಪುಣೇದ ಎರಿ ಮಣ್ಣಾಗ ಸುಣ್ಣ ಭಾಳ, ಅದಕ್ಕ ದಾಸಾಳಕ್ಕ, ಗುಲಾಬಿಗೆ ಈ ರೋಗ ಕಾಯಂ. ಜನ ಎರಡಕ್ಕೂ ಯೂರಿಯಾ ಸುರೀತಾರ.

ಮತ್ತ ಬಾದಾಮಿ ಎಲಿನ ಕೊಳಸಾಕ ಯಾಕ್ರಿ ಹಟ ಹಿಡದೀರಿ? ಚಿಕ್ಕು ಗಿಡದ ಬುಡಕ್ಕ ಗೇಣು ದಪ್ಪ ಹಾಸ್ರಿ. ಬ್ಯಾಸಗ್ಯಾಗ ನೆಲ ತಂಪ ಇರತೈತಿ, ನೀರ ಅರ್ಧಾ ಉಳೀತೈತಿ. ತಾನ ಕರಗಿದಾಗ ಕರಗ್ಲಿ. ನೆಲದ ಮ್ಯಾಲ ಹಾಸ್ರಿ, ಮಣ್ಣಾಗ ಕಲಸಬ್ಯಾಡ್ರಿ. ಕಲಸಿದ್ರ ಅದನ್ನ ಕೊಳಸೂ ಹುಳಾ ಗಿಡದ ಪಾಲಿನ ಸಾರಜನಕಾನ ತಿಂತಾವು, ಗಿಡ ಬೆಳ್ಳಗ ಆಕ್ಕೈತಿ. ನಾ ಒಮ್ಮೆ ಕಲಸಿ 200 ಕರಿಬೇವಿನ ಸಸಿ ಕೆಡಿಸಿ ಕುಂತೀನಿ.

---

ಟೆರೇಸ್ ತೋಟ

ಒಣ ಎಲೆ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಎಂದು ಓದಿದ್ದೆ?

---

ನಿವೃತ್ತ ಮೇಷ್ಟ್ರು

ಶುರುವಿನಲ್ಲಿ ಹುಳಿ ಏಳುತ್ತದೆ, ಗೊಬ್ಬರ ಪಕ್ವವಾದಂತೆ ಇಳಿದು ಹೆಚ್ಚುಕಡಿಮೆ ತಟಸ್ಥಕ್ಕೆ ಬರುತ್ತದೆ. ಉದುರೆಲೆಯಲ್ಲಿ ಉಳಿದ ಸುಣ್ಣ ಎಲ್ಲಿ ಹೋಗಬೇಕು ಮತ್ತೆ? ಮುಧೋಳದವರು ಹೇಳಿದಂತೆ ಪುಣೆಯ ಮಣ್ಣಿಗೆ ಒಂದಿಷ್ಟು ಹುಳಿ ಬಿದ್ದರೆ ಒಳ್ಳೆಯದೇ.

ಮುಧೋಳದವರ "ಕಲಸಬ್ಯಾಡ್ರಿ" ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಕೊಳೆಯುವ ಎಲೆ ಮೊದಮೊದಲು ಸಾರಜನಕ ಕೊಡುವುದಿಲ್ಲ, ಸುತ್ತಮುತ್ತಲಿಂದ ಎಳೆದುಕೊಳ್ಳುತ್ತದೆ. ತೂಕ ಕರಗುತ್ತಾ ಹೋದಂತೆ ಅದರಲ್ಲಿ ಸಾರಜನಕದ ಪ್ರಮಾಣ ಏರುತ್ತದೆ. ಮಳೆಗೆ ಮೊದಲು ತೊಳೆದುಹೋಗುವುದು ಪೊಟ್ಯಾಶ್, ಸಕ್ಕರೆ, ಒಗರು. ಆಮೇಲೆ ಸೆಲ್ಯುಲೋಸ್ ಕರಗುತ್ತದೆ. ಕೊನೆಗೆ ಲಿಗ್ನಿನ್, ಅದಕ್ಕೆ ಅಣಬೆಯ ಜಾತಿಯವೇ ಬೇಕು, ಗಾಳಿಯೂ ಬೇಕು.

---

ಶಿರಸಿಯಾಕೆ

ಮೇಷ್ಟ್ರೇ, ಎರಡು ಸಲ ಓದಿದೆ. ಆಯಿಗೆ ಓದಿ ಹೇಳುವ ಹಾಗಿದ್ದರೆ ಚೆನ್ನಾಗಿತ್ತು. "ಇಷ್ಟಕ್ಕೆಲ್ಲ ಕಾಲೇಜು ಯಂತಕ್ಕೆ" ಅನ್ನುತ್ತಿದ್ದಳು.

ಅಂದರೆ ನನಗೆ ಇನ್ನೊಂದು ಒಗಟೂ ಬಿಡಿಸಿದ ಹಾಗಾಯಿತು ಎಂದುಕೊಂಡಿದ್ದೇನೆ, ಸರಿಯೋ ನೋಡಿ. ಕಳೆದ ಜೂನಿನ ಗಾಳಿಗೆ ಗೇಟಿನ ಪಕ್ಕದ ಗುಲ್‌ಮೊಹರಿನ ಒಂದು ಕೊಂಬೆ ಮುರಿದು ಮರದಲ್ಲೇ ನೇತಾಡುತ್ತಿತ್ತು. ಎರಡು ತಿಂಗಳಾದರೂ ಯಾರೂ ತೆಗೆಯಲಿಲ್ಲ (ಅದು ಯಾರ ಕೆಲಸ ಎಂಬ ಪತ್ರವ್ಯವಹಾರ ನಡೆದಿತ್ತು). ಅದರ ಎಲೆ ಹಳದಿಯಾಗಲೇ ಇಲ್ಲ. ಹಸಿರು ಮಾಸಿ, ಸುರುಟಿ, ಮುದುಡಿ ಕೊಂಬೆಗೇ ಅಂಟಿಕೊಂಡಿತ್ತು. ಮೇಲಿನ ಜೀವಂತ ಕೊಂಬೆಯ ಎಲೆ ಮಾತ್ರ ಹಳದಿಯಾಗಿ ಉದುರುತ್ತಿತ್ತು. ಸತ್ತದ್ದು ಉದುರಬೇಕು, ಬದುಕಿದ್ದು ಉಳಿಯಬೇಕು ಅಲ್ಲವೇ ಲೆಕ್ಕ? ಉಲ್ಟಾ ಆಗಿತ್ತು.

---

ನಿವೃತ್ತ ಮೇಷ್ಟ್ರು

ಈ ಪ್ರಶ್ನೆಯನ್ನು 31 ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ನೀವು ಬಿ.ಕಾಂ.ಗೆ ಯಾಕೆ ಹೋದಿರಿ?

ಲೆಕ್ಕ ನೀವು ನೋಡಿದ್ದೇ ಸರಿ. ಉದುರುವುದು ಜೀವವಿದ್ದವರ ಕೆಲಸ. ತೊಟ್ಟಿನ ಬುಡದಲ್ಲಿ ಒಂದು ಪದರದ ಜೀವಕೋಶಗಳು ಎಥಿಲೀನ್ ಅನಿಲದ ಸೂಚನೆ ಬಂದಾಗ ತಮ್ಮ ನಡುವಿನ ಅಂಟನ್ನು ತಾವೇ ಕರಗಿಸಿಕೊಳ್ಳುತ್ತವೆ, ಮರದ ಕಡೆಗೆ ಗಾಯ ಮುಚ್ಚುವ ಪದರ ಕಟ್ಟುತ್ತವೆ. ಬಾಳೆಕಾಯಿ ಹಣ್ಣು ಮಾಡುವುದೂ ಇದೇ ಎಥಿಲೀನ್. ಮುರಿದ ಕೊಂಬೆಗೆ ನೀರು ನಿಂತು ಕೋಶಗಳು ಸತ್ತವು, ಅಂಟು ಕರಗಿಸುವವರು ಯಾರು? ಸಾಮಾನು ಸಾಗಿಸುವವರು ಯಾರು? ಎಲ್ಲ ಒಳಗೇ ಉಳಿಯಿತು. ಆ ನೇತಾಡಿದ ಸೊಪ್ಪನ್ನು ಡ್ರಮ್ಮಿಗೆ ಹಾಕಿದ್ದರೆ, ಒಣಗಿ ಗರಿಗರಿಯಾಗಿದ್ದರೂ ಅದು ಸೊಪ್ಪೇ. ದರಕಲ್ಲ.

ಗೊಬ್ಬರಗಿಡದ ಬಗ್ಗೆ ಒಂದು ಮಾತು ಬಾಕಿ ಇತ್ತು, ವಿಷಯದಿಂದ ಸ್ವಲ್ಪ ಆಚೆ. ಗ್ಲಿರಿಸಿಡಿಯಾ ಎಂಬ ಹೆಸರಿನ ಅರ್ಥವೇ ಇಲಿ ಕೊಲ್ಲುವುದು. ಮರಾಠಿಯಲ್ಲೂ ಉಂದೀರ್‌ಮಾರಿ ಅನ್ನುತ್ತಾರೆ. ಅದರ ಸೊಪ್ಪು ಬಾಡುವಾಗ ಒಣಹುಲ್ಲಿನ ಹಾಗೆ ಒಂದು ಸಿಹಿ ವಾಸನೆ ಬರುತ್ತದಲ್ಲ, ಅದು ಕೂಮರಿನ್. ಬೂಷ್ಟು ಹಿಡಿದು ಕೊಳೆತಾಗ ಅದೇ ಕೂಮರಿನ್ ಜೋಡಿಯಾಗಿ ಡೈಕೂಮರಾಲ್ ಆಗುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಡಬ್ಬದಲ್ಲಿ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಎಂಬವರ ಬಾಗಿಲಿಗೆ ಹೋದ. ಅಲ್ಲಿಂದ ಶುರುವಾದ ಹುಡುಕಾಟದ ಮೊಮ್ಮಗು ವಾರ್ಫರಿನ್, 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು. ವಾಲ್ವಿನ ಆಪರೇಷನ್ ಆದ ಮೇಲೆ ದಿನಾ ರಾತ್ರಿ ಅದನ್ನೇ ನಾನು ನುಂಗುವುದು. ಸೊಸೆ ಮಾತ್ರೆ ಕೊಡುವಾಗ "ಮಾವಾ, ಇಲಿ ಮದ್ದು" ಅನ್ನುತ್ತಾಳೆ.

ಹಾಗಾಗಿ ಆ ಡ್ರಮ್ಮಿನ ಲೋಳೆಯನ್ನು ಬೀದಿ ದನಗಳ ಮುಂದೆ ಚೆಲ್ಲಬೇಡಿ. ಎರಡನೆಯ ಡ್ರಮ್ಮಿನ ಜೊತೆ ಕಲಸಿ. ಬಾದಾಮಿ ಎಲೆಯನ್ನು ಹರಿದು, ಒಂದು ರಾತ್ರಿ ನೀರಲ್ಲಿ ನೆನೆಸಿ, ಚೊಗರು ಬಸಿದು ಹಾಕಿ. ಒಂದು ಬುಟ್ಟಿ ಸೊಪ್ಪಿಗೆ ಎರಡೂವರೆ ಬುಟ್ಟಿ ತರಗೆಲೆ. ವಾರಕ್ಕೊಮ್ಮೆ ಮಗುಚಿ, ಗಾಳಿ ಆಡಲಿ.

---

ಶಿರಸಿಯಾಕೆ, ಜೂನ್ 2

ವರದಿ ಒಪ್ಪಿಸುತ್ತಿದ್ದೇನೆ. ಕಲಸಿದ ಮೂರನೆಯ ದಿನ ಡ್ರಮ್ಮಿನೊಳಗೆ ಕೈ ಇಟ್ಟರೆ ಬಿಸಿನೀರಿನ ಹಂಡೆ. ನಾತ ವಾರದೊಳಗೆ ನಿಂತಿತು. ನೆಲಮಾಳಿಗೆಯವರು ಕಿಟಕಿ ತೆರೆದಿದ್ದಾರೆ, ಮಾತು ಇನ್ನೂ ಇಲ್ಲ. ಈಗ ಬಾದಾಮಿ ಎಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಂತಕ್ಕೆ ಬಂದಿದೆ. ಮಾವು ಇನ್ನೂ ಹಟ ಮಾಡುತ್ತಿದೆ. ಕಾಲು ಭಾಗ ಬಾದಾಮಿಯನ್ನು ಮುಧೋಳದವರ ಮಾತಿನಂತೆ ಚಿಕ್ಕುವಿನ ಬುಡಕ್ಕೆ ಹಾಸಿದೆ, ಹತ್ತು ಎಲೆ ಡೊಂಬಿವಲಿಯ ತಮ್ಮನಿಗೆ ತೆಗೆದಿಟ್ಟಿದ್ದೇನೆ, ದುಡ್ಡು ಬೇಡ.

ಮೂರನೆಯ ಡ್ರಮ್ಮಿನ ತಳದಲ್ಲಿ ನೀರು ನಿಂತಿದ್ದಲ್ಲಿ ಎರಡು ಅರಳಿ ಎಲೆ ಸಿಕ್ಕಿತು, ಮಾಂಸವೆಲ್ಲ ಹೋಗಿ ಬರೀ ನರದ ಜಾಲರಿ. ಲಿಗ್ನಿನ್ ಅಂದಿರಲ್ಲ, ಕಣ್ಣಾರೆ ನೋಡಿದೆ. ಮೊಮ್ಮಗಳು ಒಂದನ್ನು ಪುಸ್ತಕದಲ್ಲಿಟ್ಟಳು, ಇನ್ನೊಂದು ಅವಳ ಕೈಯಲ್ಲೇ ಹರಿಯಿತು.

ಹೊಸ ಫಜೀತಿ ಒಂದಾಗಿದೆ. ನೆನೆಸಿದ ಚೊಗರನ್ನು ಬಸಿಯುವಾಗ ಸ್ವಲ್ಪ ಲಾಬಿಯ ನೆಲಕ್ಕೆ ಚೆಲ್ಲಿತು. ಬೇರೆಡೆ ಕಂದು ಕಲೆ, ಒರೆಸಿದರೆ ಹೋಯಿತು. ಡ್ರಮ್ಮಿನ ಸ್ಟ್ಯಾಂಡಿನ ಕಾಲಿದ್ದ ನಾಲ್ಕು ಜಾಗದಲ್ಲಿ ಮಾತ್ರ ಮಸಿ ಕಪ್ಪು, ದುಂಡಗೆ. ಸೋಡಾ ಹಾಕಿ ತಿಕ್ಕಿದೆ, ಇನ್ನೂ ಕಪ್ಪಾಯಿತು.

---

ನಿವೃತ್ತ ಮೇಷ್ಟ್ರು

ಸ್ಟ್ಯಾಂಡ್ ಕಬ್ಬಿಣದ್ದು, ತುಕ್ಕು ಹಿಡಿದಿದೆ, ಹೌದೇ? ಕಬ್ಬಿಣಕ್ಕೆ ಚೊಗರು ಕೂಡಿದರೆ ಮಸಿ ಕಪ್ಪು ಅಲ್ಲ, ಮಸಿಯೇ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೇ ಹೀಗೆ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಬೆರಳು ನೆನಪು ಮಾಡಿಕೊಳ್ಳಿ. ಸೋಡಾ ಕೂಡದು, ಹುಳಿ ಬೇಕು.

ಆದರೆ ಮೊದಲು ಹೇಳಿ, ನೆಲ ಯಾವ ಕಲ್ಲು? ಕೋಟಾ ಆದರೆ ಲಿಂಬೆ ತಾಗಿಸಬೇಡಿ. ಅದು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಕಿತ್ತುಹೋಗುತ್ತದೆ.

---

ಶಿರಸಿಯಾಕೆ

ಆಯಿ ಅಡಿಕೆ ಸುಲಿದ ಮೇಲೆ ಬೆರಳಿಗೆ ಲಿಂಬೆ ಹೋಳು ತಿಕ್ಕುತ್ತಿದ್ದಳು. ಅದು ನೆನಪಾಗಿಯೇ ಬೆಳಿಗ್ಗೆ ಆರು ಲಿಂಬೆ ಹಿಂಡಿ ಬಂದೆ. ಕಲೆ ಹೋಯಿತು.

ಕೋಟಾ.